ಬಿಳಿ ಜಲ್ಲಿಯ ಮೇಲೆ

ಅಷ್ಟು ಜಾಗ ಮಾತ್ರ ಬೆಳ್ಳಗೆ, ಸುತ್ತಲಿನ ಹೊಳೆಯ ತಳವೆಲ್ಲ ಪಾಚಿಗಟ್ಟಿ ಕಂದಾಗಿರುವಾಗ ಅಷ್ಟು ಮಾತ್ರ ಈಗಷ್ಟೇ ಉಜ್ಜಿಟ್ಟ ಬಾಣಲೆಯ ಹಾಗೆ, ಒಂದು ಹಾಸಿಗೆಯಷ್ಟು ಉದ್ದ, ನಿನ್ನೆ ಸಂಜೆ ಇರಲಿಲ್ಲ, ರಾತ್ರಿಯೇ ತೋಡಿದ್ದಾಳೆ, ಯಾವ ತಾಯಿಮೀನೋ, ಬಾಲದಲ್ಲಿ ಬಡಿದು ಬಡಿದು ಕಲ್ಲು ಎಬ್ಬಿಸಿ, ಅಲ್ಲಿ ಮೊಟ್ಟೆ ಸುರಿದು, ಮತ್ತೆ ಮೇಲಿನಿಂದ ಕಲ್ಲು ಹೊದಿಸಿ — ಆರ್ಡಿತ್ ಎಣಿಸಿದಳು, ಟ್ಯಾನರಿ ಮಡುವಿನ ಬಾಲದಲ್ಲಿ, ನೀರು ತೆಳುವಾಗಿ ಹೊರಹರಿಯುವ ಕಡೆ, ಒಂದು, ಅದರ ಕೆಳಗೆ ಎರಡು, ಆಚೆ ದಡದ ಹತ್ತಿರ ಇನ್ನೊಂದು, ನಾಲ್ಕು, ಈ ವರ್ಷ ನೀರು ಬೇಗ ತಣ್ಣಗಾಯಿತು, ಮೀನು ಒಂದು ವಾರ ಮುಂಚೆಯೇ ಸರೋವರದಿಂದ ಮೇಲೆ ಬಂದಿವೆ, ಗಾಳ ಹಾಕುವವರಿಗೆ ಹೊಳೆ ಮುಚ್ಚಲು ಇನ್ನೂ ಮೂರು ದಿನವಿದೆ, ಮೂರು ದಿನ ಗಾಳ ಹಿಡಿದವರನ್ನೆಲ್ಲ ಇವುಗಳ ಮೇಲೆ ಕಾಲಿಡದಂತೆ ಕಾಯಬೇಕು. ಆ ಬಿಳಿಯ ಮೇಲೆ ಕಾಲಿಡಬೇಡಿ ಎಂದಳು ಹಾಲ್ಕಂಬನಿಗೆ, ಐದನೆಯ ಸಲ ಇರಬಹುದು, ಅವನು ನಕ್ಕ, ಗೊತ್ತು ಮೇಡಂ, ಮೊದಲ ವರ್ಷವೇ ಬೈಸಿಕೊಂಡಿದೀನಲ್ಲ. ಹನ್ನೊಂದು ವರ್ಷದಿಂದ ಪ್ರತಿ ಅಕ್ಟೋಬರಿಗೆ ಬರುತ್ತಾನೆ, ಮೀನು ತೋರಿಸಲು ಅವಳಿಗೆ ದಿನಗೂಲಿ ಕೊಟ್ಟು, ವಸತಿಗೃಹದಿಂದ ನೇರ ಹೊಳೆಗೆ, ಅವಳ ಮನೆಯವರನ್ನು ಕಂಡವನಲ್ಲ, ಕನೆಕ್ಟಿಕಟ್‌ನಲ್ಲಿ ಹಲ್ಲಿನ ಡಾಕ್ಟರಾಗಿದ್ದವನು, ಬರುವಾಗ ಮೊದಲಿಗೆ ಏನೂ ಗೊತ್ತಿರಲಿಲ್ಲ, ಮೊಟ್ಟೆಗುಂಡಿಯ ಮೇಲೆ ನಿಂತುಕೊಂಡೇ ಎಲ್ಲಿ ಮೇಡಂ ಮೀನು ಎಂದು ಕೇಳಿದ್ದ, ಈಗ ನೋಡು, ಮೀನಿನ ಬಾಯಿ ಹರಿಯದಿರಲೆಂದು ಕೊಕ್ಕೆಯ ಮುಳ್ಳು ತಾನೇ ಇಕ್ಕಳದಲ್ಲಿ ಒತ್ತಿಕೊಂಡು ಬರುತ್ತಾನೆ, ಮೀನನ್ನು ನೀರಿನಿಂದ ಎತ್ತದೆಯೇ ಬಿಡುತ್ತಾನೆ, ಮೊಟ್ಟೆ ಹೊತ್ತ ತಾಯಿ ಎಂದು ಕಂಡರೆ ಗಾಳವನ್ನೇ ಎತ್ತಿ ಆಚೆ ನೋಡುತ್ತಾನೆ. ಅದೆಲ್ಲ ಅವಳು ಕಲಿಸಿದ್ದು. ಅವಳಿಗೆ ಕಲಿಸಿದ್ದು ಗಂಡ, ಲೆಲಂಡ್. ಹೊಳೆಗೆ ಇಳಿಯೋ ಮೊದಲು ಅಲ್ಲಿರೋರ ಮುಖ ನೋಡು, ಬಾಯಿ ಬಿಟ್ಟು ಕೂಗಬೇಡ, ಮೀನು ಬೆದರುತ್ತೆ, ಕಣ್ಣಲ್ಲೇ ಕೇಳು, ಅವರು ತಲೆ ಆಡಿಸಿದರೆ ಇಳಿ, ಇಲ್ಲಾಂದ್ರೆ ದಡದ ಮೇಲೆ ಕೂತು ಸಿಗರೇಟು ಸೇದು. ಮೇಲಿನಿಂದ ಇಳಿ, ಕೆಳಗಿನವನ ಮುಂದೆ ಅಡ್ಡ ಹೋಗಬೇಡ. ಲೆಲಂಡ್ ಈಗ ಯಾರ ಮುಖವನ್ನೂ ನೋಡುವುದಿಲ್ಲ, ಅವಳ ಮುಖವನ್ನಂತೂ — ಇವತ್ತು ಬೆಳಿಗ್ಗೆ ಓಟ್ಸ್ ಗಂಜಿ ಮುಂದಿಟ್ಟಾಗಲೂ ಒಲೆಯ ಕಡೆ ತಿರುಗಿ ಥ್ಯಾಂಕ್ಸ್ ಎಂದ, ಒಲೆಗೆ ಹೇಳಿದಂತೆ. ಸಂಜೆ ಹೊಳೆಗೆ ಬರ್ತೀಯಾ ಎಂದಳು, ಕಿಟಕಿಗೆ ಹೇಳಿದ, ನೋಡೋಣ. ಜೂನ್ ತಿಂಗಳಿಂದ ಹೀಗೆ.

ಜೂನ್‌ನಲ್ಲಿ ಏನಾಯಿತು, ಏನೂ ಆಗಲಿಲ್ಲ, ಅದೇ ಕಷ್ಟ, ಜಗಳವಾಗಿದ್ದರೆ ಹಿಡಿದುಕೊಳ್ಳಲು ಒಂದು ಕೊನೆಯಾದರೂ ಸಿಗುತ್ತಿತ್ತು. ಮೊಣಕಾಲು ನೋವು, ಕ್ಲಚ್ ಒತ್ತೋಕಾಗಲ್ಲ ಎಂದು ಗಾಡಿಯ ಬೀಗದಕೈ ಮೇಜಿನ ಮೇಲಿಟ್ಟ. ಬೇಜಾರು ಎಂದು, ಕೊಕ್ಕೆಗೆ ಗರಿ ಸುತ್ತಿ ಗರಿನೊಣ ಕಟ್ಟುವ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ, ನಲವತ್ತು ವರ್ಷ ಬಾತುಕೋಳಿ ಗರಿ, ಜಿಂಕೆ ಕೂದಲು ಹಿಡಿದುಕೊಂಡೇ ರೇಡಿಯೋ ಕೇಳಿದವನು. ಆಮೇಲೆ ಒಂದು ಮಂಗಳವಾರ ಅಂಗಡಿಯ ಆಲ್ಮೀಡಾಳ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋಗುವುದನ್ನು ಕಂಡಳು, ಲೆಲಂಡ್, ಹೆಂಡತಿ ಓಡಿಸಿದರೂ ಕಾಲಡಿ ಇಲ್ಲದ ಬ್ರೇಕ್ ತುಳಿಯುವವನು, ವಿಧವೆ ಆಲ್ಮೀಡಾಳ ಪಕ್ಕ ಮಡಿಲಲ್ಲಿ ಕೈ ಇಟ್ಟುಕೊಂಡು. ಎಲ್ಲಿಗೆ ಹೋಗಿದ್ದೆ. ಬ್ಯಾಂಗರ್‌ಗೆ. ಯಾಕೆ. ಕೆಲಸ ಇತ್ತು. ಹೇಳುವಾಗಲೂ ಅವಳ ಕಿವಿಯ ಆಚೆ ಗೋಡೆ ನೋಡುತ್ತಿದ್ದ, ಸುಳ್ಳು ಹೇಳುವವರು ನೋಡುವ ಹಾಗೆ, ಅರವತ್ತಾರಕ್ಕೆ ಏನು ಹುಚ್ಚೋ, ಹಾಗೆ ಮೂರು ಸಲ ಹೋದ, ಅವಳು ಕೇಳುವುದನ್ನು ಬಿಟ್ಟಳು, ಕೇಳಿದಷ್ಟೂ ಸಣ್ಣವಳಾಗುತ್ತೇನೆ ಅನಿಸಿತು — ಬಲಕ್ಕೆ ಬಿಡಿ ಹಾಲ್ಕಂಬ್, ಆ ಬಂಡೆಯ ನೆರಳಿಗೆ, ಹಾಂ, ಇನ್ನೊಂದು ಅಡಿ. ನೂಲು ಗಾಳಿಯಲ್ಲಿ ಬಿಡಿಸಿಕೊಂಡು ಮೆತ್ತಗೆ ಬಿತ್ತು. ಮಡುವಿನ ತಲೆಯಲ್ಲಿ ಅವರಿಬ್ಬರೇ, ಎಡಗಡೆ ಎರಡು ಮಾರು ದೂರದಲ್ಲಿ ಜಲ್ಲಿದಿಣ್ಣೆಯ ಮೇಲೆ ಒಂದು ಆಲ್ಡರ್ ಪೊದೆ, ಎಲೆ ಉದುರಿ ಕಡ್ಡಿಯಾಗಿದೆ, ಆಚೆ ದಡದಲ್ಲಿ ಬಿಸಿಲು ಈಗಷ್ಟೇ ನೀರಿಗೆ ಇಳಿದು ಕಣ್ಣು ಕುಕ್ಕುತ್ತಿದೆ. ಆ ಬಿಸಿಲಿನ ಒಳಗಿಂದ ಅವನು ಬಂದ. ಮೊದಲು ಗಾಳದ ಕೋಲು, ಆಮೇಲೆ ತೇಪೆ ಹಾಕಿದ ರಬ್ಬರ್ ಪ್ಯಾಂಟು, ಆ ತೇಪೆ ಅವಳೇ ಹಾಕಿದ್ದು, ಲೆಲಂಡ್. ಆಚೆ ದಡದಲ್ಲಿ, ಕೆಳಗಡೆ, ನೀರಿನ ಅಂಚಿಗೆ ಬಂದು ನಿಂತ. ನಿಂತೇ ಇದ್ದ. ಅವಳ ಕಡೆ ನೋಡಲಿಲ್ಲ, ಹಾಲ್ಕಂಬನ ಕಡೆಯೂ ಇಲ್ಲ, ಆ ಆಲ್ಡರ್ ಪೊದೆಯನ್ನು ದಿಟ್ಟಿಸುತ್ತ ನಿಂತ, ಏನೋ ಅದರಲ್ಲಿ ಹಕ್ಕಿ ಕೂತಿದೆ ಎನ್ನುವ ಹಾಗೆ. ಬೆಳಿಗ್ಗೆ ಮನೆಯಲ್ಲಿ ನೋಡೋಣ ಎಂದವನು ಈಗ ನನ್ನ ಮಡುವಿಗೆ, ನಾನು ಜನ ಕರೆದುಕೊಂಡು ಬಂದಿರುವಾಗ, ಹೇಳದೆ ಕೇಳದೆ, ಮತ್ತೆ ನನ್ನನ್ನೇ ನೋಡದೆ! ಟೋಪಿ ಅಲ್ಲಾಡುವಂತೆ ತಲೆ ಕೊಡವಿ ಬೆನ್ನು ತಿರುಗಿಸಿದಳು, ಮಾಡು ನಿನಗೆ ಬೇಕಾದ್ದು. ಸದ್ದು ಕೇಳಿಸಿತು, ನೀರು ಸೀಳುವ ಸದ್ದು. ತಿರುಗಿ ನೋಡುವಷ್ಟರಲ್ಲಿ ಅವನು ಹಾಲ್ಕಂಬನ ನೂಲಿನ ಕೆಳಗೆ ಅಡ್ಡಲಾಗಿ ಮಡುವಿನ ಬಾಲಕ್ಕೆ ಇಳಿದಿದ್ದ, ಬಿಳಿ ಜಲ್ಲಿಯ ಮೇಲೆ ಒಂದು ಕಾಲು, ಇನ್ನೊಂದು ಕಾಲು, ನಡು ಗುಂಡಿಯಲ್ಲಿ ಹಿಮ್ಮಡಿ ಒತ್ತಿ ತಿರುಗಿದ, ಮಣ್ಣುಹೊಗೆ ಎದ್ದಿತು, ಅದರ ಜೊತೆ ಬಟಾಣಿಯಷ್ಟು ಕಿತ್ತಳೆ ಬಣ್ಣದವು ತಳದಲ್ಲಿ ಉರುಳುತ್ತ ಕೆಳಗೆ, ಕೆಳಗೆ, ಎರಡು ಸಣ್ಣ ಮೀನು ಎಲ್ಲಿಂದಲೋ ಬಂದು ಅವನ್ನು ಹಿಡಿದು ತಿಂದವು.

ಏಯ್ ಮುದುಕಾ! ಹಾಲ್ಕಂಬ್ ಕೂಗಿದ, ಹನ್ನೊಂದು ವರ್ಷದಲ್ಲಿ ಅವನು ಕೂಗಿದ್ದನ್ನು ಅವಳು ಕೇಳಿರಲಿಲ್ಲ. ಏಯ್, ಕಣ್ಣು ಕಾಣಲ್ವೇನ್ರೀ ನಿಮಗೆ? ಮೊಟ್ಟೆ ಮೇಲೆ ನಿಂತಿದೀರ! ಲೆಲಂಡ್ ನಿಂತ. ಅಲುಗದೆ ನಿಂತ. ಎಲ್ಲಿ ಎಂದ, ಬಹಳ ಮೆತ್ತಗೆ. ಎಲ್ಲಿ ಅಂತೆ, ಎಲ್ಲಿ ಅಂತೆ ಎಂದು ಹಾಲ್ಕಂಬ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಕಾಲ ಕೆಳಗೇ ಇದೆಯಲ್ರೀ, ಇಂಥವರಿಂದಲೇ ಹೊಳೆ ಹಾಳಾಗೋದು, ಹೊರಗೆ ಹೋಗ್ರಿ ಮೊದಲು! ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸದೆಯೇ, ಯಾರು ಈ ಮನುಷ್ಯ, ನಿಮ್ಮೂರವನಾ? ಮತ್ತು ಆಗ, ಆಗ ಬಾಯಲ್ಲಿ ಎರಡು ಮಾತಿದ್ದವು, ನನ್ನ ಗಂಡ ಎನ್ನುವುದು ಮೊದಲು ಬಂದಿತ್ತು, ನಾಲಿಗೆಯ ಮೇಲೆಯೇ ಇತ್ತು, ಬೆಳಗಿನಿಂದ ಐದು ಸಲ ಕಾಲಿಡಬೇಡಿ ಎಂದವಳ ಗಂಡ, ಅವಳಿಗೆ ಕಲಿಸಿದವನು, ಮೀನುಮರಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಇದೇ ಮೊಟ್ಟೆಗಳನ್ನು ಸಾಕಿದವನು — ಗೊತ್ತಿಲ್ಲ ಎಂದಳು. ನೋಡಿಲ್ಲ ಇವರನ್ನ. ಅಷ್ಟೇ. ಇವರನ್ನ ಎಂದಳು, ಅಪರಿಚಿತರಿಗೆ ಹೇಳುವ ಹಾಗೆ. ಲೆಲಂಡ್ ಮುಖವನ್ನು ಮತ್ತೆ ಆ ಪೊದೆಯ ಕಡೆ ತಿರುಗಿಸಿದ, ಒಂದಷ್ಟು ಹೊತ್ತು ಹಾಗೇ ಇದ್ದು, ತಪ್ಪಾಯ್ತು ಸಾರ್ ಎಂದ, ಪೊದೆಗೆ. ಬಂದ ದಾರಿಯಲ್ಲೇ ಒಂದೊಂದು ಹೆಜ್ಜೆಯನ್ನು ಕಾಲ್ಬೆರಳಲ್ಲಿ ತಡವಿ ತಡವಿ ಇಟ್ಟು ದಡ ಹತ್ತಿದ, ಬಿಸಿಲಿನ ಒಳಗೆ ಹೋದ.

ಊಟಕ್ಕೆ ಹೊಗೆಯಾಡುವ ಬೆಂಕಿಯ ಮೇಲೆ ಕೆಂಪು ಸಾಸೇಜು ಹೊರಳಿಸುತ್ತಿದ್ದಾಗಲೂ ಹಾಲ್ಕಂಬನ ಸಿಟ್ಟು ಇಳಿದಿರಲಿಲ್ಲ, ನಾನು ಸ್ವಲ್ಪ ಜೋರಾಗಿ ಕೂಗಿದೆನೇನೋ, ಆದರೂ ಹೇಳಿ, ಒಂದು ತಾಯಿಮೀನಿಗೆ ಎಷ್ಟು ಮೊಟ್ಟೆ ಅಂದಿದ್ರಿ ನೀವು? ಎರಡು ಸಾವಿರ, ಎರಡೂವರೆ ಎಂದಳು. ಅದರಲ್ಲಿ ಉಳಿಯೋದು? ಬೆರಳಲ್ಲಿ ಎಣಿಸಬಹುದು. ನೋಡಿದ್ರಾ ಮತ್ತೆ ಎಂದ ಅವನು, ಬೀನ್ಸಿನ ಪಾತ್ರೆಯನ್ನು ಕೆರೆಯುತ್ತ. ಬೀನ್ಸು ಲೆಲಂಡ್ ಮಾಡಿದ್ದು. ಶುಕ್ರವಾರ ರಾತ್ರಿಯೇ ನೆನೆಹಾಕಿ, ಕಾಕಂಬಿ ಸುರಿದು, ಬೆರಳಲ್ಲಿ ಅದ್ದಿ ನೋಡಿ. ಇತ್ತೀಚೆಗೆ ಎಲ್ಲವನ್ನೂ ಬೆರಳಲ್ಲೇ ನೋಡುತ್ತಾನೆ, ಕಾಫಿ ಸುರಿಯುವಾಗ ಲೋಟದೊಳಗೆ ಬೆರಳು ಬಿಡುತ್ತಾನೆ, ಕೊಳಕು ಎಂದು ಗದರಿದ್ದಳು — ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಮೀನುಮರಿ ಕೇಂದ್ರಕ್ಕೆ ಆರು ವಾರದ ಕೂಲಿಗೆ ಹೋದಾಗ ಅವನ ಬೆರಳುಗಳನ್ನೇ ಮೊದಲು ನೋಡಿದ್ದು, ತಾಯಿಮೀನನ್ನು ಮಗುವಿನಂತೆ ಕಂಕುಳಲ್ಲಿ ಹಿಡಿದು ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ನೀವಿದರೆ ಅವಳು ಹಿಡಿದ ತಟ್ಟೆಗೆ ಕಿತ್ತಳೆ ಮುತ್ತು ಸುರಿಯುತ್ತಿತ್ತು, ಮೇಲೆ ಗಂಡುಮೀನಿನ ಹಾಲು, ಆಮೇಲೆ ಅವನು ಜೇಬಿನಿಂದ ಹೆಬ್ಬಾತಿನ ಗರಿ ತೆಗೆದು ಕಲಸುತ್ತಿದ್ದ, ಗರಿಯೇ ಯಾಕೆ ಎಂದರೆ ನಿನ್ನ ಕೈಗಿಂತ ಮೆತ್ತಗಿರೋದು ಅದೊಂದೇ ಎಂದಿದ್ದ, ಇಡೀ ಶೆಡ್ಡು ನಕ್ಕಿತ್ತು. ಆಮೇಲೆ ಮುಟ್ಟಬಾರದು ಎಂದಿದ್ದ, ತಟ್ಟೆಗಳನ್ನು ಕತ್ತಲಲ್ಲಿಟ್ಟು, ಮೊಟ್ಟೆಯೊಳಗೆ ಕಣ್ಣು ಮೂಡೋವರೆಗೂ ಅಲುಗಿಸಬಾರದು, ಈಗ ಒಂದು ಏಟು ಬಿದ್ದರೂ ಸಾಯುತ್ತೆ, ಎರಡು ಕರಿ ಚುಕ್ಕೆ ಕಂಡಮೇಲೆ ಬೇಕಾದ್ರೆ ಗಾಡಿ ಮೇಲೆ ಹೇರ್ಕೊಂಡು ಹೋಗು, ಏನೂ ಆಗಲ್ಲ. ಆ ಚಳಿಗಾಲವೆಲ್ಲ ಕಾದರು, ಹೊಳೆಯಲ್ಲಿಯೂ ಹಾಗೆಯೇ ಕಾಯುತ್ತವೆ, ಮೇಲೆ ಮಂಜುಗಡ್ಡೆ ಕಟ್ಟಿರುವಾಗ ಜಲ್ಲಿಯ ಕೆಳಗೆ, ಏಪ್ರಿಲ್‌ನಲ್ಲಿ ಒಡೆದು ಹೊಟ್ಟೆಯಡಿ ತಮ್ಮ ಬುತ್ತಿಯ ಚೀಲ ತೂಗಿಸಿಕೊಂಡು ಕಲ್ಲಿನ ಸಂದಿಯಲ್ಲೇ ಇನ್ನೊಂದು ತಿಂಗಳು, ಬುತ್ತಿ ಮುಗಿದ ಮೇಲೆ ಬೆಳಕಿಗೆ, ಎರಡು ವರ್ಷ ಹೊಳೆಯಲ್ಲಿ ಮೈಮೇಲೆ ಬೆರಳೊತ್ತಿದಂಥ ಪಟ್ಟೆ ಹೊತ್ತು ಆಡಿ, ಆಮೇಲೆ ಸರೋವರಕ್ಕೆ. ಸಾಲ್ಮನ್ ಜಾತಿಯೇ ಆದರೂ ಕಡಲು ಇವಕ್ಕೆ ಸಿಗುವುದಿಲ್ಲ, ಹಿಮಯುಗದಲ್ಲಿ ದಾರಿ ಮುಚ್ಚಿಹೋದದ್ದು, ಸರೋವರವನ್ನೇ ಕಡಲು ಅಂದುಕೊಂಡು ಬೆಳೆದು, ನಾಲ್ಕನೆಯ ವರ್ಷಕ್ಕೆ ಹುಟ್ಟಿದ ಹೊಳೆಗೆ ಬಂದು ಮೊಟ್ಟೆಯಿಟ್ಟು, ಸಾಯದೆ, ಪಡುವಣ ಕರಾವಳಿಯ ಸಾಲ್ಮನ್ ಹಾಗೆ ಸಾಯದೆ, ಬಡಕಲಾಗಿ ಹಿಂದಕ್ಕೆ ಹೋಗಿ, ಮತ್ತೆ ಬರುತ್ತವೆ. ಅದೇ ಇವುಗಳ ಚಂದ ಅಂತಿದ್ದ, ಒಂದು ಸಲಕ್ಕೇ ಮುಗಿಸಲ್ಲ. ಗೊತ್ತಿಲ್ಲ, ನೋಡಿಲ್ಲ ಇವರನ್ನ. ಅವನಿಗೆ ಕೇಳಿಸಿತೋ ಇಲ್ಲವೋ, ಮಡುವಿನ ಬಾಲದಲ್ಲಿ ನೀರಿನ ಮೊರೆತ ಜಾಸ್ತಿ, ಕೇಳಿಸಿರಲಿಕ್ಕಿಲ್ಲ, ಹಾಲ್ಕಂಬನ ಮಾತಿಗೆ ಎಲ್ಲಿ ಎಂದನಲ್ಲ, ಹಾಗಾದರೆ ಕೇಳಿಸಿದೆ, ಆದರೆ ಹಾಲ್ಕಂಬ್ ಕೂಗಿದ್ದು, ಅವಳು ಕೂಗಲಿಲ್ಲ. ಸಾಸೇಜು ಸೀದುಹೋಯಿತು.

ಮೂರು ಗಂಟೆಗೆ ಹಾಲ್ಕಂಬನನ್ನು ವಸತಿಗೃಹದಲ್ಲಿ ಇಳಿಸಿ ಮನೆಗೆ ಹೋದರೆ ಲೆಲಂಡ್ ಇಲ್ಲ, ಕೋಲು ಮಾತ್ರ ಜಗಲಿಯ ಮೊಳೆಗೆ ತೂಗುತ್ತಿದೆ, ನೂಲು ಸುತ್ತಿ, ಗರಿನೊಣ ಬಿಚ್ಚಿಟ್ಟು, ಮುಗಿಸಿದವನ ಹಾಗೆ. ಅಂಗಡಿಗೆ ಹೋದಳು. ಆಲ್ಮೀಡಾ ಕ್ಯಾನುಗಳಿಗೆ ಚೀಟಿ ಅಂಟಿಸುತ್ತಿದ್ದಳು, ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು, ಎಲ್ಲರೂ ಯಾಕೆ ಹೀಗೆ. ಎಲ್ಲಿ ಅವನು? ನನ್ನ ಜೇಬಲ್ಲಿಲ್ಲ ಎಂದಳು ಆಲ್ಮೀಡಾ. ಆಲ್ಮೀಡಾ, ನಾನು ಇವತ್ತು ತಮಾಷೆಗೆ ಬಂದಿಲ್ಲ, ಬ್ಯಾಂಗರ್‌ನಲ್ಲಿ ಏನು ಮಾಡ್ತೀರ ನೀವಿಬ್ಬರು? ಅವಳ ಕೈ ನಿಂತಿತು, ಅಯ್ಯೋ ದೇವರೇ, ಎಂದಳು, ನೀನು ಏನಂದ್ಕೊಂಡಿದೀಯ, ಆಮೇಲೆ ನಗು ಬಂದು, ನಗುವನ್ನು ಅರ್ಧಕ್ಕೆ ನುಂಗಿ, ನನ್ನ ಕಾಲು ನೋಡು, ಎರಡು ಕುಂಬಳಕಾಯಿ, ಇದನ್ನ ನೋಡ್ಕೊಂಡು ಯಾವ ಗಂಡಸು ಬರ್ತಾನೆ, ಥೂ. ಕೇಳಬೇಡ ನನ್ನ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ, ಬೇಡ ಬೇಡ ಅಂದೆ ಅವನಿಗೆ, ಹೆಂಡತಿಗೆ ಹೇಳೋ ಮಾರಾಯ ಅಂದೆ, ಕೇಳಿದ್ರೆ ತಾನೆ. ಮಧ್ಯಾಹ್ನ ಬಂದು ಮರ ಗುರುತು ಹಾಕೋ ಕೆಂಪು ಪಟ್ಟಿ ಎರಡು ಸುರುಳಿ ತಗೊಂಡು ಹೋದ. ಕಾಲಿಂದ ಸೊಂಟದವರೆಗೂ ಒದ್ದೆ. ಏನಾಯ್ತೋ ಅಂದ್ರೆ ಬಿದ್ದೆ ಅಂದ. ಬಿದ್ದೆ ಎಂದನೇ, ಬೀಳಲಿಲ್ಲವಲ್ಲ ಅವನು, ಅವಳು ನೋಡುತ್ತಿದ್ದಾಗ ಬೀಳಲಿಲ್ಲ, ಹಾಗಾದರೆ ಬಿಸಿಲಿನ ಆಚೆ ಹೋದ ಮೇಲೆ, ಮಡುವಿನಿಂದ ರಸ್ತೆಗೆ ಬರುವ ಆ ಬಂಡೆಗಳ ಮೇಲೆ, ಸಾಸೇಜು ಹೊರಳಿಸುತ್ತಿದ್ದಾಗ.

ಓಡಲಿಲ್ಲ, ಐವತ್ತೇಳಕ್ಕೆ ಮಡುವಿನ ಆಚೆ ದಡದ ಆ ದಾರಿಯಲ್ಲಿ ಓಡಲಾಗದು, ಆದರೆ ನಡೆಯಲೂ ಇಲ್ಲ, ಕಾಲು ತಾನೇ ಬೇರುಗಳನ್ನು ದಾಟಿಸಿಕೊಂಡು ಹೋಯಿತು, ಫರ್ ಮರಗಳ ಸಂದಿಯಲ್ಲಿ ಕೆಂಪು, ಮೊದಲು ಒಂದು, ಆಮೇಲೆ ಸಾಲಾಗಿ, ದಡದುದ್ದಕ್ಕೆ ಸೊಂಟದೆತ್ತರದಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಪಟ್ಟಿ ಎಳೆದಿದೆ, ಪ್ರತಿ ಗಂಟೂ ಬಿಗಿ, ಸಣ್ಣದು, ಅವನ ಗಂಟು. ಆಚೆಯ ಕೊನೆಯಲ್ಲಿ ಅವನು, ಒದ್ದೆ ಪ್ಯಾಂಟಿನಲ್ಲೇ, ಒಂದು ಭೂರ್ಜದ ಕಾಂಡವನ್ನು ಎರಡೂ ಕೈಯಲ್ಲಿ ತಡವುತ್ತ. ಬಂದ್ಯಾ ಎಂದ, ತಿರುಗದೆ. ಒಣ ಎಲೆಯ ಮೇಲೆ ನಿನ್ನ ಕಾಲು ಯಾವಾಗಲೂ ಎಡಗಡೆ ಭಾರ. ಏನೋ ಇದು ಎಂದಳು, ಉಸಿರು ಹತ್ತುತ್ತಿಲ್ಲ. ಮೂರು ದಿನ ಇದೆಯಲ್ಲ ಎಂದ, ಯಾರೂ ಇಳಿಯಬಾರದು ಅಂತ, ನಾನೂ ಸೇರಿ. ನಾನು ತುಳಿದಿದ್ದು ಮೇಲಿನದಾ, ಕೆಳಗಿನದಾ? ಮೇಲಿನದು. ದೊಡ್ಡದಾ? ದೊಡ್ಡದು ಎಂದಳು, ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇವತ್ತಿನ ಪಾಲಿನ ಸುಳ್ಳು ಮುಗಿದಿತ್ತು. ಅವನು ತಲೆ ಆಡಿಸಿದ, ಕೈ ಕಾಂಡದ ಮೇಲೆಯೇ ಇತ್ತು. ಉಳಿದವು ಎಲ್ಲೆಲ್ಲಿವೆ ಹೇಳು, ಪಟ್ಟಿ ಅಲ್ಲಿಯವರೆಗೂ ಬರಬೇಕು. ಅಲ್ಲಿ ಎಂದು ಬೆರಳು ತೋರಿಸಿದಳು. ಅಲ್ಲಿ ಅಂದ್ರೆ? ಅಲ್ಲಿ, ಆ — ಬೆರಳು ಗಾಳಿಯಲ್ಲಿಯೇ ನಿಂತಿತು, ಅವನು ಬೆರಳನ್ನು ನೋಡುತ್ತಿರಲಿಲ್ಲ, ಬೆರಳು ಅವನ ಮುಖದ ಮುಂದೆಯೇ ಇತ್ತು. ಬಾಯಲ್ಲಿ ಹೇಳು ಆರ್ಡಿತ್ ಎಂದ.

ಹೇಳಿದಳು. ಒಡೆದ ಬಂಡೆಯಿಂದ ಆರು ಹೆಜ್ಜೆ ಕೆಳಗೆ ಒಂದು, ಅದರ ಪಕ್ಕಕ್ಕೆ ಒಂದು, ಈಚೆ ದಡದ ಬೇರಿನ ಹತ್ತಿರ ಇನ್ನೊಂದು. ಪಟ್ಟಿಯ ಕೊನೆಯನ್ನು ಅವಳ ಕೈಗೆ ಕೊಟ್ಟ, ಅವಳು ಹಿಡಿದಳು, ಅವನು ಎಳೆದ. ಜೂನ್‌ನಿಂದ ಎಂದ ಅವನು, ಪಟ್ಟಿ ಬಿಚ್ಚುತ್ತ, ಇಲ್ಲ, ಅದಕ್ಕೂ ಮೊದಲೇ ಶುರುವಾಗಿತ್ತು, ಗರಿನೊಣದ ಕಣ್ಣಿಗೆ ನೂಲು ಹೋಗದಾಗ ಕನ್ನಡಕ ಅಂದ್ಕೊಂಡೆ. ಬ್ಯಾಂಗರ್‌ನಲ್ಲಿ ಆ ಹುಡುಗಿ ಡಾಕ್ಟ್ರು ಗೋಡೆ ಮೇಲೆ ದೊಡ್ಡ ಚಿತ್ರ ತೋರ್ಸಿ ಹೇಳಿದ್ಲು, ಎರಡೂ ಕಣ್ಣಲ್ಲಿ ನಡುವಿನ ನೋಟ ಹೋಗಿದೆ, ಅಂಚಿನದು ಉಳಿಯುತ್ತೆ, ಗೋಡೆಗೆ ಗುದ್ದಲ್ಲ, ಓದೋಕಾಗಲ್ಲ. ಚಿತ್ರಾನೂ ಕಾಣಲಿಲ್ಲ ನನಗೆ ಎಂದು ನಕ್ಕ. ಇವತ್ತು ಬಿಸಿಲಲ್ಲಿ ಜಲ್ಲಿಯೆಲ್ಲ ಒಂದೇ ಬಣ್ಣ. ಯಾಕೆ ಹೇಳಲಿಲ್ಲ ಎಂದಳು. ಹೇಳಿದ್ರೆ ಹೊಳೆಗೆ ಬಿಡ್ತಿದ್ಯಾ ನೀನು? ಇಲ್ಲ. ಮತ್ತೆ. ಹೊಳೆ ಮುಚ್ಚಲಿ, ಆಮೇಲೆ ಹೇಳೋಣ ಅಂತಿದ್ದೆ, ಕೊನೆ ವಾರ ಅಂತ ಆಸೆ, ಅಷ್ಟೇ. ಎರಡೂವರೆ ಸಾವಿರ ಮೊಟ್ಟೆ ಬೆಲೆಯ ಆಸೆ ಎಂದ, ನಗಲಿಲ್ಲ. ಆ ಮನುಷ್ಯ ಸರಿಯಾಗೇ ಕೂಗಿದ, ಚೆನ್ನಾಗಿ ಕಲಿಸಿದೀಯ ಅವನಿಗೆ. ಲೆಲಂಡ್, ನಾನು, ಅವನು ಕೇಳಿದಾಗ ನಾನು — ಕಿವಿಗೇನೂ ಆಗಿಲ್ಲ ಎಂದ ಅವನು, ಮೆತ್ತಗೆ, ಬೈಗುಳದ ಸುಳಿವಿಲ್ಲದೆ, ಆಮೇಲೆ ಪಟ್ಟಿಗೆ ಇನ್ನೊಂದು ಗಂಟು ಹಾಕಿದ. ಆದರೆ ಕೇಳದೆ ಇಳಿಯಲಿಲ್ಲ ನಾನು, ಅದೊಂದು ತಿಳ್ಕೋ, ದಡದಲ್ಲಿ ನಿಂತು ಕೇಳ್ದೆ ನಿನ್ನನ್ನ, ನಿನ್ನ ಟೋಪಿ ಅಲ್ಲಾಡ್ತು, ಬಾ ಅಂದೆ ಅಂದ್ಕೊಂಡೆ. ನೀನು ಎಲ್ಲಿ ಕೇಳಿದೆ, ಎಂದಳು, ನೀನು ನನ್ನನ್ನ ನೋಡಲೇ ಇಲ್ಲವಲ್ಲ, ಜೂನ್‌ನಿಂದ ಒಂದು ದಿನ ನೋಡಿಲ್ಲ, ನಾನು ಏನೇನೋ — ಅವನು ಕೈಯಲ್ಲಿದ್ದ ಸುರುಳಿಯನ್ನು ಬಿಟ್ಟ, ಒದ್ದೆ ಬೆರಳುಗಳಿಂದ ಅವಳ ಗದ್ದ ಹುಡುಕಿ ಹಿಡಿದ, ತನ್ನ ಮುಖವನ್ನು ಪಕ್ಕಕ್ಕೆ, ಅವಳ ಕಿವಿಯ ಆಚೆಗೆ, ಮರಗಳ ಕಡೆಗೆ ತಿರುಗಿಸಿದ. ನೇರ ನೋಡಿದ್ರೆ ನೀನಿರಲ್ಲ ಎಂದ. ಒಂದು ಬೂದಿ ಮಚ್ಚೆ ಇರುತ್ತೆ. ಸ್ವಲ್ಪ ಆಚೆ ನೋಡಿದ್ರೆ ಇರ್ತೀಯ. ಹಾಗಾದರೆ ಒಲೆ, ಹಾಗಾದರೆ ಕಿಟಕಿ, ಗೋಡೆ, ಐದು ತಿಂಗಳ ಬೆಳಿಗ್ಗೆಗಳು, ಗಂಜಿಯ ಬಟ್ಟಲ ಮೇಲಿಂದ ಒಲೆಯನ್ನು ನೋಡುತ್ತ ಥ್ಯಾಂಕ್ಸ್ ಎಂದದ್ದು, ಹಾಗಾದರೆ ಇವತ್ತು ಬಿಸಿಲಿನಲ್ಲಿ ನಿಂತು, ಮತ್ತೆ ಆಮೇಲೆ, ಗೊತ್ತಿಲ್ಲ ಎಂದಮೇಲೆ, ನೋಡಿಲ್ಲ ಇವರನ್ನ ಎಂದಮೇಲೆ, ಆ ಪೊದೆಯ ಕಡೆ, ಅವಳಿಂದ ಎರಡು ಮಾರು ದೂರದ ಆ ಎಲೆಯಿಲ್ಲದ ಆಲ್ಡರ್ ಪೊದೆಯ ಕಡೆ ತಿರುಗಿದ್ದ ಮುಖ, ಅಷ್ಟು ಹೊತ್ತು, ಅಲುಗದೆ, ಪೊದೆಯನ್ನು ನೋಡುತ್ತಿದ್ದ ಮುಖ, ಅವಳನ್ನು ನೋಡುತ್ತಿದ್ದ ಮುಖ, ಅವಳನ್ನೇ